ಹಳ್ಳದ ಈಚೆ ದಡದ ಕಮ್ಮಾರ

ಡ್ಯಾಂಡ್ ಕ್ರೋಸರನ ಕುಲುಮೆ ಕರ್ಶೋಪ್ ಹಳ್ಳದ ಈಚೆ, ಸ್ಕಾಟ್ಲೆಂಡಿನಲ್ಲಿ. ಅವನ ಜೀವ ಮಾತ್ರ ಆಚೆ, ಇಂಗ್ಲೆಂಡಿನಲ್ಲಿ, ಬೆಣ್ಣೆ ಮಾರುವ ಜೆನೆಟ್‌ಳ ಹತ್ತಿರ. ನಡುವೆ ಇದ್ದದ್ದು ಮೊಣಕಾಲುದ್ದ ನೀರು. ಆದರೆ ಗಡಿಯಾಚೆ ಸಂಬಂಧ ಬೆಳೆಸಿದವರಿಗೆ ನೇಣು.

ಹಾಗಾಗಿ ಇಬ್ಬರೂ ಸಂಧಾನದ ದಿನಕ್ಕೆ ಕಾಯುತ್ತಿದ್ದರು. ಎರಡೂ ಕಡೆಯ ಅಧಿಕಾರಿಗಳು ದನಗಳ್ಳತನದ ವ್ಯಾಜ್ಯ ತೀರಿಸಲು ಹಳ್ಳದ ಬಯಲಲ್ಲಿ ಸೇರುವ ದಿನ ಅದು. ಅವತ್ತು ಹೊತ್ತು ಹುಟ್ಟಿದಾಗಿನಿಂದ ಮರುದಿನ ಹುಟ್ಟುವವರೆಗೆ ಯಾರೂ ಯಾರ ಮೇಲೂ ಕೈ ಎತ್ತುವಂತಿಲ್ಲ. ಡ್ಯಾಂಡ್ ಅವಳ ಬುಟ್ಟಿಯನ್ನೇ ಖಾಲಿ ಮಾಡುತ್ತಿದ್ದ.

"ಇಷ್ಟು ಬೆಣ್ಣೆ ತಗೊಂಡೂ ಬಡಕಲಾಗೇ ಇದ್ದೀಯಲ್ಲ, ಕುದುರೆಗೆ ತಿನ್ನಿಸ್ತೀಯೇನು?" ಎಂದು ಅವಳು ಛೇಡಿಸುತ್ತಿದ್ದಳು.

ಆಚೆಯ ರಾಣಿ ಮಕ್ಕಳಿಲ್ಲದೆ ಸತ್ತಳು. ಈಚೆಯ ರಾಜ ಆ ಕಿರೀಟವನ್ನೂ ತಲೆಗೇರಿಸಿಕೊಂಡು ಲಂಡನ್ನಿಗೆ ಹೊರಟುಹೋದ. ಇನ್ನು ಗಡಿಯೇ ಇಲ್ಲವೆಂದು ಊರೂರಲ್ಲಿ ಸಾರಿದರು. ಡ್ಯಾಂಡನ ಅವ್ವ ಕುಲುಮೆ ಬಾಗಿಲಿಗೆ ಬಂದು ರೇಗಿದಳು: "ಇನ್ನೂ ಯಾರ ಅಪ್ಪಣೆಗೆ ಕಾಯ್ತಿದ್ದೀಯೋ? ಹೋಗಿ ಕರ್ಕೊಂಡು ಬಾ."

"ಸಂಧಾನದ ದಿನ ಬರಲಿ ಅವ್ವ. ಬೇರೆ ದಿನ ಹಳ್ಳ ದಾಟೋನು ದನಗಳ್ಳ. ನಾಲ್ಕು ಜನರ ಎದುರಿಗೆ ಕೇಳ್ತೀನಿ."

ಹೊಸ ಅಂಗಿ ಹೊಲಿಸಿಕೊಂಡ. ಬೇಸಿಗೆ ಹೋಯಿತು, ಹಿಮವೂ ಕರಗಿತು, ಸಂಧಾನದ ಕರೆ ಬರಲಿಲ್ಲ. ರಾಜ ಒಬ್ಬನೇ ಆದಮೇಲೆ ಯಾರ ಯಾರ ನಡುವೆ ಸಂಧಾನ? ಈ ಮಾತನ್ನು ಯಾವನಾದರೂ ಬಾಯಿಬಿಟ್ಟು ಹೇಳಿದನೇ? ಗಡಿಯ ಜೊತೆಗೆ ಆ ದಿನವನ್ನೂ ಅಳಿಸಿ ಸುಮ್ಮನೆ ಕೂತಿದ್ದರು.

ಕೊನೆಗೆ ಬಂದದ್ದು ಒಂದು ಗಾಡಿ. ಕಳ್ಳರ ದಾಳಿಗೆ ಹೆದರಿ ಗಡಿಯವರು ಕಟ್ಟಿಕೊಂಡಿದ್ದ ಗಟ್ಟಿಮನೆಗಳ ಕಬ್ಬಿಣದ ಬಾಗಿಲುಗಳನ್ನು ಕಿತ್ತು ನೇಗಿಲ ಗುಳ ಮಾಡಬೇಕೆಂದು ರಾಜಾಜ್ಞೆಯಾಗಿತ್ತು. ಗಾಡಿ ಹೊಡೆಯುವ ಹಾಬ್ ಒಂದು ಬಾಗಿಲು ಇಳಿಸುತ್ತ, ಇದು ಜೆನೆಟ್‌ಳ ಅಪ್ಪನ ಮನೆಯದೆಂದ.

"ಮನೆಯೋರು?"

"ಎಲ್ಲಾರನ್ನೂ ಹಡಗು ಹತ್ತಿಸಿ ಐರ್ಲೆಂಡಿಗೆ ಅಟ್ಟಿದ್ರು ಮಾರಾಯ. ದನ ಕದ್ದ ವಂಶವಂತೆ. ಆ ಹುಡುಗಿ ಮಾತ್ರ ಹಳ್ಳದ ಕಡೆ ತಿರುಗಿ ತಿರುಗಿ ನೋಡ್ತಾ ಹೋದ್ಲು. ಯಾರಿಗೆ ಕಾಯ್ತಿದ್ಲೋ ಪಾಪ."

ಡ್ಯಾಂಡ್ ತಿದಿ ಒತ್ತಿದ. ಬಾಗಿಲನ್ನೆಲ್ಲ ಬಡಿದು ಗುಳ ಮಾಡಿದ. ಅವಳ ಕೈ ತಾಗಿ ತಾಗಿ ನಯವಾಗಿದ್ದ ಚಿಲಕವನ್ನು ಮಾತ್ರ ಬೆಂಕಿಗೆ ಹಾಕಲಿಲ್ಲ.

ಆಮೇಲೆ ಲಾಳ ಕಟ್ಟಲು ದಿನಾ ಹಳ್ಳ ದಾಟಿದ, ಯಾರೂ ತಡೆಯಲಿಲ್ಲ. ಆದರೆ ಪ್ರತಿ ಬೇಸಿಗೆಯಲ್ಲೂ ಒಂದು ದಿನ ಕುಲುಮೆ ಆರಿಸಿ, ಆ ಅಂಗಿ ತೊಟ್ಟು, ಚಿಲಕ ಹಿಡಿದು ಈಚೆ ದಡದಲ್ಲಿ ಕೂರುತ್ತಿದ್ದ. ತಲೆ ನರೆತ ಮೇಲೂ ಕೂತ. ಮರುದಿನ ಹೊತ್ತು ಹುಟ್ಟುವವರೆಗೂ ಏಳುತ್ತಿರಲಿಲ್ಲ.