ರುಕ್ಮಿಣಿಬಾಯಿಗೆ ಒಪ್ಪಿದ ಬಂದೂಕು

ಗುರುಸಿದ್ದಪ್ಪನವರು ಯಾವ ವಸ್ತುವನ್ನೂ ಸುಮ್ಮನೆ ಕೊಂಡವರಲ್ಲ. ಗದಗಿನಿಂದ ಬಂದು ನಾಶಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸಕ್ಕೆ ಸೇರಿದ ಮೇಲಂತೂ ಈ ಚಾಳಿ ಇನ್ನೂ ಬಲಿತಿತ್ತು. ಚಹದ ಕಿಟಲಿ ಕೊಳ್ಳುವಾಗಲೂ ಅಂಗಡಿಯವನಿಂದ ನೀರು ಕೇಳಿ, ತುಂಬಿಸಿ, ಬಗ್ಗಿಸಿ ನೋಡುವವರು. ಹೆಂಡತಿ ಗಿರಿಜಮ್ಮ ಅಂಥ ಹೊತ್ತಿನಲ್ಲಿ ನಾಲ್ಕು ಅಂಗಡಿ ಆಚೆ ಹೋಗಿ ನಿಲ್ಲುತ್ತಿದ್ದರು.

ಅವರಿದ್ದ ಮನೆಯ ಒಡತಿ ರುಕ್ಮಿಣಿಬಾಯಿ, ಐವತ್ತು ದಾಟಿದ ವಿಧವೆ. ಬಾಣಗಂಗೆ ಹೊಳೆಯ ದಂಡೆಯಲ್ಲಿ ಮೂರು ಎಕರೆ ಶೇಂಗಾ ಬೆಳೆಯುತ್ತಿದ್ದರು. ನಸುಕಿನಲ್ಲಿ ಕಾಡುಹಂದಿಗಳು ನುಗ್ಗಿ ಹೊಲವನ್ನೇ ಉತ್ತು ಹಾಕುತ್ತಿದ್ದವು. ಎರಡು ವರ್ಷ ಕಚೇರಿ ಅಲೆದು, ೧೯೭೧ರ ಮಳೆಗಾಲದಲ್ಲಿ ರುಕ್ಮಿಣಿಬಾಯಿ ತಮ್ಮ ಹೆಸರಿನಲ್ಲೇ ಬಂದೂಕಿನ ಲೈಸೆನ್ಸ್ ಪಡೆದರು.

"ಭಾವೂ, ಅಂಗಡಿಯವನು ನನಗೆ ಟೋಪಿ ಹಾಕಬಾರದು. ನೀವೂ ಬನ್ನಿ," ಎಂದು ಗುರುಸಿದ್ದಪ್ಪನವರನ್ನು ಅಣ್ಣನೆಂದು ಕರೆದು, ಮರಾಠಿಯಲ್ಲಿ ಕೇಳಿಕೊಂಡರು.

ಗುರುಸಿದ್ದಪ್ಪ ಬಂದೂಕು ಮುಟ್ಟಿದವರೇ ಅಲ್ಲ. "ವಿಮಾನ ಅಳೆಯಾವ್ರಿಗೆ ಬಂದೂಕ ಯಾವ ಲೆಕ್ಕರೀ, ಹೋಗಿ ಬರ್ರಿ," ಎಂದು ಗಿರಿಜಮ್ಮ ನಕ್ಕರು.

ನಾಶಿಕದ ಅಂಗಡಿಯಲ್ಲಿ ರತ್ನಾಕರ ಸೇಠ್ ಮೂರು ಬಂದೂಕುಗಳನ್ನು ಮೇಜಿನ ಮೇಲಿಟ್ಟರು. ಮೂರೂ ಒಂದೇ ನಳಿಗೆಯವು, ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ಅಗ್ಗದ ಮಾಲು. ಗಜರಾಜ, ಬಹಾದ್ದೂರ್, ಮಯೂರ ಎಂದು ಮಾರ್ಕು. ಗುರುಸಿದ್ದಪ್ಪ ಜೇಬಿನಿಂದ ತೆಳ್ಳನೆಯ ಉಕ್ಕಿನ ಪಟ್ಟಿಗಳ ಗೇಜ್ ತೆಗೆದು, ನಳಿಗೆ ಮಡಚುವ ಸಂದಿಗೆ ತೂರಿಸಿದರು. ಗಜರಾಜದಲ್ಲಿ ದಪ್ಪ ಪಟ್ಟಿಯೇ ಸಲೀಸಾಗಿ ಒಳಹೋಯಿತು, ಸಂದಿ ಅಷ್ಟು ಸಡಿಲ.

"ಇದು ಬೇಡ!"

ಮಯೂರದ ಸಂದಿ ಬಿಗಿಯಾಗಿತ್ತು, ಆದರೆ ಹಿಡಿಯ ಮರ ಗಂಟುಗಂಟು, ಬಣ್ಣ ಎರಡು ತರ. ಬಹಾದ್ದೂರ್ ಮಾತ್ರ ಒಳ್ಳೆ ಬೀರುವಿನ ಬಾಗಿಲಿನಂತೆ ಟಪ್ಪನೆ ಮುಚ್ಚಿಕೊಂಡಿತು. ಗುರುಸಿದ್ದಪ್ಪನವರ ಮುಖ ಅರಳಿತು. "ಬಾಯಿ, ಇದನ್ನೇ ತೊಗೊಳ್ಳಿ. ಕಣ್ಣು ಮುಚ್ಚಿ ಪಾಸು ಮಾಡ್ತೀನಿ."

ರುಕ್ಮಿಣಿಬಾಯಿ ಅದನ್ನು ಎತ್ತಿ ಭುಜಕ್ಕಿಟ್ಟರು. ಹಿಡಿ ಉದ್ದವಾಗಿ, ಬೆರಳು ಟ್ರಿಗರ್ ಮುಟ್ಟಲಿಲ್ಲ. ಗುಂಡು ಹಾರಿಸುವ ಮುನ್ನ ಹಿಂದಿನ ಹ್ಯಾಮರ್ ಎಳೆಯಬೇಕು, ಅದಕ್ಕೆ ಹೆಬ್ಬೆರಳು ಒತ್ತಿ ಒತ್ತಿ ಕೆಂಪಾಯಿತು, ಅದು ಜಪ್ಪಯ್ಯ ಅನ್ನಲಿಲ್ಲ.

"ದಿನಾ ನಸುಕಿನಲ್ಲಿ ಬಂದು ನೀವು ಎಳೆದು ಕೊಡ್ತೀರಾ, ಭಾವೂ? ಅಲ್ಲೀವರೆಗೆ ಹಂದಿಗಳು ಕಾಯ್ತಾವಾ?"

ಸೇಠ್ ಕರವಸ್ತ್ರದ ಮರೆಯಲ್ಲಿ ನಕ್ಕರು. ಗುರುಸಿದ್ದಪ್ಪನವರ ಕಿವಿ ಬಿಸಿಯಾಯಿತು. ಇಷ್ಟು ಹೊತ್ತು ಬಂದೂಕನ್ನೇ ಅಳೆದರೇ ಹೊರತು, ಹಿಡಿಯುವ ಕೈಯನ್ನು ನೋಡಿಯೇ ಇರಲಿಲ್ಲ! ಮಯೂರವನ್ನು ಎತ್ತಿ ಬಾಯಿಯ ಕೈಗಿಟ್ಟರು. ಅದು ಮಗುವಿನಂತೆ ಭುಜಕ್ಕೆ ಒರಗಿತು, ಹ್ಯಾಮರ್ ಒಂದೇ ಎಳೆತಕ್ಕೆ ಬಂತು.

"ಹಗುರ ಬಂದೂಕು ಹಿಂದಕ್ಕೆ ಜೋರಾಗಿ ಒದೆಯುತ್ತೆ," ಎಂದು ಸೇಠ್ ಎಚ್ಚರಿಸಿದರೂ ಬಾಯಿ ಅದನ್ನೇ ಕೊಂಡರು.

ಆ ಒದೆತಕ್ಕೆ ಮನೆಯಲ್ಲಿ ಗಿರಿಜಮ್ಮ ದಾರಿ ಹುಡುಕಿದರು. ಹೊದೆಯುವ ಹಳೆಯ ಕೌದಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಬಾಯಿಯ ಕುಪ್ಪಸದ ಭುಜಕ್ಕೆ ಹೊಲಿದುಕೊಟ್ಟರು.

ಮೂರನೆಯ ದಿನ ನಸುಕಿನಲ್ಲಿ ಹಂದಿಗಳು ಬಂದವು. ಬಾಯಿ ಆಕಾಶದತ್ತ ಒಂದೇ ಗುಂಡು ಹಾರಿಸಿದರು. ಹಂದಿಗಳು ಹೊಳೆ ದಾಟಿ ಓಡಿದವು. ಬಂದೂಕಿನ ಒದೆತಕ್ಕೆ ಬಾಯಿ ಶೇಂಗಾ ಬಳ್ಳಿಗಳ ನಡುವೆ ಧೊಪ್ಪನೆ ಕುಳಿತುಬಿಟ್ಟರು. ಬದುವಿನ ಮೇಲೆ ನಿಂತಿದ್ದ ಗುರುಸಿದ್ದಪ್ಪ ಗಾಬರಿಯಿಂದ ಓಡಿ ಬಂದರೆ, ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಭುಜ ಹೆಂಗಿದೆ, ಬಾಯಿ?"

"ಭುಜ ಗಟ್ಟಿ ಇದೆ. ಕೂತ ಜಾಗಕ್ಕೆ ಒಂದು ಕೌದಿ ಬೇಕಿತ್ತು."

ಆ ವರ್ಷ ಬೆಳೆ ಉಳಿಯಿತು. ಗಿರಿಜಮ್ಮನ ಅಡಿಗೆಮನೆಗೆ ಒಂದು ಚೀಲ ಶೇಂಗಾ ಬಂತು. ದಸರೆಗೆ ಅವರು ಮಾಡಿದ ಶೇಂಗಾ ಹೋಳಿಗೆಯನ್ನು ರುಕ್ಮಿಣಿಬಾಯಿ ನಾಲ್ಕು ತಿಂದು, ಐದನೆಯದಕ್ಕೆ ಕೈ ಚಾಚಿದರು.