ಅಧ್ಯಕ್ಷರ ಸೊನ್ನೆ ಬ್ರೇಕು

ಸೋಮವಾರ ಬೆಳಿಗ್ಗೆ ಶಟರ್ ಎತ್ತುವ ಮೊದಲು ಸಿಕ್ಕಣ್ಣ ಅದರ ಹಿಡಿಗೆ ಕೈ ಹಾಕಿ, ಎತ್ತದೆ, ಒಂದಷ್ಟು ಹೊತ್ತು ಸುಮ್ಮನೆ ನಿಂತಿರುತ್ತಿದ್ದ. ನೋಡಿದವರು ದೇವರನ್ನು ನೆನೆಯುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಅವನು ನೆನೆಯುತ್ತಿದ್ದುದು ಹಿಂದಿನ ದಿನ ಕೆರೆಗೆ ಮೀನು ಹಿಡಿಯಲು ಹೋದವರನ್ನು. ಭಾನುವಾರ ಅವರು ಎಷ್ಟು ಜೋರಾಗಿ ಗಾಳ ಬೀಸಿದ್ದಾರೋ ಸೋಮವಾರ ಅವನ ಮೇಜಿನ ಮೇಲೆ ಅಷ್ಟು ದೊಡ್ಡ ಸಿಕ್ಕು.

ಅವನ ನಿಜವಾದ ಹೆಸರು ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳೂ ಅದನ್ನು ಬಳಸುತ್ತಿರಲಿಲ್ಲ, ‘ರೀ’ ಅನ್ನುವುದರಲ್ಲೇ ಮೂವತ್ತು ವರ್ಷ ತಳ್ಳಿದ್ದಳು. ಉಳಿದವರಿಗೆಲ್ಲ ಅವನು ಸಿಕ್ಕಣ್ಣ, ಗಾಳದ ರೀಲಿನಲ್ಲಿ ಸಿಕ್ಕಾದ ದಾರ ಬಿಡಿಸಿಕೊಡುವವನು. ಕೆರೆಗೆ ಹೋಗುವ ರಸ್ತೆಯಲ್ಲಿ, ಒಂದು ಮಹಡಿ ಮೆಟ್ಟಿಲಿನ ಅಡಿಯಲ್ಲಿ ಅವನ ಅಂಗಡಿ. ಮೆಟ್ಟಿಲು ಇಳಿಜಾರಾಗಿ ಬರುವುದರಿಂದ ಒಳಗೆ ಹೋದಷ್ಟೂ ಬಾಗಬೇಕು. ಕೊನೆಯ ಮೂಲೆಯಲ್ಲಿ ಅವನ ಮೇಜು. ಎಂಥ ದೊಡ್ಡ ಮನುಷ್ಯನಾದರೂ ಅವನ ಎದುರು ತಲೆ ತಗ್ಗಿಸಿಯೇ ನಿಲ್ಲಬೇಕು. ಇಡೀ ಕಸುಬಿನಲ್ಲಿ ಅವನಿಗೆ ದಕ್ಕಿದ ಮರ್ಯಾದೆ ಅಂದರೆ ಇದೊಂದೇ.

ರೀಲಿನ ಕಷ್ಟ ದೊಡ್ಡದೇನಲ್ಲ. ಕೋಲಿನ ಮೇಲೆ ಕೂರುವ ಈ ಜಾತಿಯ ರೀಲಿನಲ್ಲಿ, ಗಾಳ ಬೀಸಿದಾಗ ದಾರ ಸುತ್ತಿದ ಉರುಳೆಯೇ ಗರಗರ ತಿರುಗಿ ದಾರ ಬಿಡುತ್ತದೆ. ತುದಿಯ ಸೀಸದ ಗುಂಡು ಮೊದಲು ರಭಸದಿಂದ ಹಾರಿ ಆಮೇಲೆ ಗಾಳಿಗೆ ನಿಧಾನವಾಗುತ್ತದೆ. ಉರುಳೆಗೆ ಅದು ತಿಳಿಯುವುದಿಲ್ಲ. ಕೇಳುವವರು ಎದ್ದುಹೋದ ಮೇಲೂ ಭಾಷಣ ನಿಲ್ಲಿಸದವರ ಹಾಗೆ ಅದು ದಾರ ಬಿಡುತ್ತಲೇ ಇರುತ್ತದೆ. ಹೊರಟ ದಾರಕ್ಕೆ ಹೋಗಲು ಜಾಗವಿಲ್ಲ. ಅಲ್ಲೇ ಉಬ್ಬಿ, ಒಂದರೊಳಗೊಂದು ನುಗ್ಗಿ, ವಾರದಿಂದ ಬಾಚದ ತಲೆಯಂತಾಗುತ್ತದೆ. ಹಾಗಾಗದಿರಲೆಂದೇ ರೀಲಿಗೆ ಬ್ರೇಕು ಇಟ್ಟಿರುವುದು. ಹೊರಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿ ಬರೆದ, ತಿರುಗಿಸುವ ಬಿಲ್ಲೆ. ಒಳಗೆ, ಪಕ್ಕದ ಮುಚ್ಚಳ ತೆಗೆದರೆ, ಅಕ್ಕಿಕಾಳಿನಷ್ಟೇ ಇರುವ ಆರು ತುಂಡುಗಳು: ಹೊರಕ್ಕೆ ಎಳೆದಿಟ್ಟರೆ ಉರುಳೆಯನ್ನು ಹಿಡಿಯುತ್ತವೆ, ಒಳಕ್ಕೆ ಒತ್ತಿದರೆ ಸುಮ್ಮನಿರುತ್ತವೆ. ಕಲಿಯುವವನು ಬಿಲ್ಲೆಯನ್ನು ಏಳಕ್ಕೆ ಇಟ್ಟುಕೊಂಡು, ಕೈ ಪಳಗಿದಂತೆ ಒಂದೊಂದೇ ಅಂಕಿ ಇಳಿಸುತ್ತ ಬಂದರೆ ಸಿಕ್ಕಣ್ಣನ ಮುಖ ನೋಡುವ ಪ್ರಸಂಗವೇ ಬರುವುದಿಲ್ಲ.

ಆದರೆ ಕೆರೆಯ ಗಾಳದ ಸಂಘದಲ್ಲಿ ಆ ಅಂಕಿ ಅಂದರೆ ಮಾನ. ಏಳರಲ್ಲಿಟ್ಟವನು ಹಸುಗೂಸು, ಮೂರರವನು ಪರವಾಗಿಲ್ಲ, ಸೊನ್ನೆಯವನು ಉಸ್ತಾದ್. ಇದನ್ನು ಶುರು ಮಾಡಿದವರು ಸಂಘದ ಅಧ್ಯಕ್ಷರು. “ಹೆಬ್ಬೆರಳಿದ್ದವನಿಗೆ ಬ್ರೇಕು ಯಾಕ್ರೀ?” ಅನ್ನುವುದು ಅವರ ಮಾತು. ತಿರುಗುವ ಉರುಳೆಯನ್ನು ಹೆಬ್ಬೆರಳಿನಿಂದಲೇ ಹದವಾಗಿ ಸವರಿ ನಿಲ್ಲಿಸಬೇಕು, ಅದೇ ವಿದ್ಯೆ ಎಂದು ಅವರ ಅರ್ಥ. ಮಾತೇನೋ ಸರಿ, ಹೆಬ್ಬೆರಳು ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ. ಅಧ್ಯಕ್ಷರಾದ ಮೊದಲ ವರ್ಷ ಅವರು ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ಬಿಲ್ಲೆ ತಿರುಗಿಸಿ ಎಂದು ಹೇಳಿ ಹೇಳಿ ಸುಸ್ತಾದ ಸಿಕ್ಕಣ್ಣ ಒಂದು ದಿನ, ಯಾರಿಗೂ ಹೇಳದೆ, ಮುಚ್ಚಳ ತೆಗೆದು ಒಳಗಿನ ಆರರಲ್ಲಿ ನಾಲ್ಕು ತುಂಡುಗಳನ್ನು ಹೊರಕ್ಕೆ ಎಳೆದಿಟ್ಟ. ಹೊರಗಿನ ಬಿಲ್ಲೆ ಸೊನ್ನೆಯಲ್ಲೇ ಇತ್ತು.

ಮರುವಾರದಿಂದ ಅಧ್ಯಕ್ಷರ ಹೆಬ್ಬೆರಳಿಗೆ ವಿದ್ಯೆ ಬಂದುಬಿಟ್ಟಿತು. ಹನ್ನೊಂದು ವರ್ಷದಿಂದ ಒಂದು ಸಿಕ್ಕೂ ಬಿದ್ದಿಲ್ಲ. ಈ ಉಪಾಯ ಸುಲಭವಾಗಿದ್ದರಿಂದ ಸಿಕ್ಕಣ್ಣ ಒಬ್ಬರಾದ ಮೇಲೊಬ್ಬರಂತೆ ಸಂಘದವರೆಲ್ಲರಿಗೂ ಅದನ್ನೇ ಮಾಡುತ್ತ ಹೋದ. ಹೀಗೆ ಆ ಕೆರೆಯ ದಡದಲ್ಲಿ ಇಪ್ಪತ್ತು ಜನ ಉಸ್ತಾದರು ತಯಾರಾದರು. ಅಷ್ಟಾದರೂ ಸೋಮವಾರದ ಸಾಲು ಕರಗಲಿಲ್ಲ. ಉಸ್ತಾದರನ್ನು ನೋಡಿ ಹೊಸ ರೀಲು ಕೊಂಡು ಸೊನ್ನೆಗೆ ಇಟ್ಟುಕೊಳ್ಳುವ ಹೊಸಬರು ಬರುತ್ತಲೇ ಇದ್ದರು.

ಎರಡು ವರ್ಷದಿಂದ ಸಿಕ್ಕಣ್ಣನ ಬಲಗೈ ಹೆಬ್ಬೆರಳು ಜೋಮು ಹಿಡಿದಂತಾಗಿ, ದಾರ ತಾಗಿದರೂ ತಾಗಿದ್ದು ಗೊತ್ತಾಗುತ್ತಿರಲಿಲ್ಲ. ಡಾಕ್ಟರು “ಕೈಗೆ ರೆಸ್ಟ್ ಕೊಡಿ” ಅಂದರು, ಕೈ ಬೇರೆ ಮನೆಯಲ್ಲಿ ಇರುವ ಹಾಗೆ. ಸಿಕ್ಕು ಬಿಡಿಸುವುದನ್ನು ಹೀಗೇ ಮುಂದುವರಿಸಿದರೆ ಉಳಿದ ಬೆರಳುಗಳೂ ಅದೇ ದಾರಿ ಹಿಡಿಯುತ್ತವೆ ಎಂದೂ ಹೇಳಿದರು. ಆಗಲೇ ಸಂಘದವರು ಹೊಸಬರಿಗೆ ಗಾಳ ಬೀಸುವುದನ್ನು ಕಲಿಸಲು ಒಬ್ಬ ಮೇಷ್ಟ್ರನ್ನು ಇಟ್ಟುಕೊಳ್ಳುವ ಮಾತಾಡಿದ್ದು. ವಾರಕ್ಕೆ ನಾಲ್ಕು ಬೆಳಿಗ್ಗೆ, ಬಾಯಲ್ಲಿ ಹೇಳುವ ಕೆಲಸ. ಸಿಕ್ಕಣ್ಣ ಜೀವಮಾನದಲ್ಲಿ ಮೊದಲ ಸಲ ಒಂದು ಅರ್ಜಿ ಬರೆದ. ಆ ಕೆಲಸ ಸಿಕ್ಕರೆ ಕೈ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟೇ.

ಭಾನುವಾರ ಎಲ್ಲ ಸದಸ್ಯರ ಎದುರು ಅವನು ಬೀಸಿ ತೋರಿಸುವುದು, ಆಮೇಲೆ ಕೈಯೆತ್ತಿ ತೀರ್ಮಾನ ಎಂದಾಯಿತು. ಶುಕ್ರವಾರ ಅಧ್ಯಕ್ಷರು ತಮ್ಮ ರೀಲನ್ನು ತಂದು ಮೇಜಿನ ಮೇಲಿಟ್ಟರು.

“ನೋಡು ಸಿಕ್ಕಣ್ಣಾ, ಭಾನುವಾರ ನಾನೂ ಒಂದೆರಡು ಬೀಸಬೇಕಾಗುತ್ತೆ. ಪಳಪಳ ಅನ್ನೋ ಹಾಗೆ ತೊಳೆದುಕೊಡು.”

ಕಣ್ಣಿಗೆ ಬೀಳದಂಥ ಸಣ್ಣ ಭಾಗಗಳನ್ನು ಹಿಡಿಯಲು ಬೆರಳು ಒಪ್ಪದೆ ಇದ್ದುದರಿಂದ, ರೀಲು ಬಿಚ್ಚಿ ತೊಳೆಯುವುದು ಎರಡು ವರ್ಷದಿಂದ ಹೆಂಡತಿಯ ಕೆಲಸವಾಗಿತ್ತು. ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಒಂದು ತಟ್ಟೆ ಇಟ್ಟುಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದೇ ತುಂಡನ್ನು ಉಜ್ಜಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸುತ್ತಿದ್ದಳು. ಉಸ್ತಾದರೊಬ್ಬರ ರೀಲು ಅವಳ ತಟ್ಟೆಗೆ ಬಂದದ್ದು ಇದೇ ಮೊದಲು; ಸಿಕ್ಕು ಬೀಳದವರು ಅಂಗಡಿಯ ಕಡೆಗೇ ಬರುತ್ತಿರಲಿಲ್ಲ. ಅವಳು ಮಾಡಿದ್ದನ್ನು ಸಿಕ್ಕಣ್ಣ ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ. ಒಮ್ಮೆ ನೋಡಿದ್ದಕ್ಕೆ ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ.

ಭಾನುವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಇಪ್ಪತ್ತೂ ಜನ ಸೇರಿದ್ದರು. ನೀರಿನಲ್ಲಿ ಒಂದು ಹಳೇ ಟೈರು ತೇಲಿಬಿಟ್ಟಿದ್ದರು. ಗುಂಡು ಅದರೊಳಗೆ ಬೀಳಬೇಕು. ಕಾರ್ಯದರ್ಶಿಯಾಗಿದ್ದ ಟೀಚರಮ್ಮ, ಶಾಲೆಯಿಂದ ನಿವೃತ್ತರಾದರೂ ಶಾಲೆಯನ್ನು ಬಿಡದವರು, ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರು. ಅಧ್ಯಕ್ಷರು ಇಪ್ಪತ್ತು ನಿಮಿಷ ಹೆಬ್ಬೆರಳಿನ ಬಗ್ಗೆ ಮಾತಾಡಿದರು.

ಸಿಕ್ಕಣ್ಣ ತನ್ನ ರೀಲಿನ ಬಿಲ್ಲೆಯನ್ನು ಎಲ್ಲರಿಗೂ ಕೇಳುವ ಹಾಗೆ ಕಟಕಟ ತಿರುಗಿಸಿ ಏಳಕ್ಕೆ ತಂದ. ಸಾಲಿನಲ್ಲಿ ಯಾರೋ ಕಿಸಕ್ ಎಂದರು.

“ಏನಯ್ಯಾ ಇದು, ಮೇಷ್ಟ್ರಾಗೋನು ಏಳಕ್ಕಿಡ್ತೀಯಾ?” ಎಂದರು ಅಧ್ಯಕ್ಷರು.

“ಕಲಿಯೋರು ಇಡೋದು ಏಳಕ್ಕೇ ಅಲ್ವಾ ಸರ್. ಅದಕ್ಕೇ ತೋರಿಸ್ತಿದ್ದೀನಿ.”

ಬೀಸಿದ. ಗುಂಡು ಹೆಚ್ಚು ದೂರ ಹೋಗಲಿಲ್ಲ. ಆದರೆ ನೇರವಾಗಿ ಹೋಗಿ ಟೈರಿನ ಅಂಚಿಗೆ ತಾಗಿ ಒಳಗೆ ಬಿತ್ತು. ಉರುಳೆಯ ಮೇಲೆ ಒಂದು ಎಳೆಯೂ ಸಡಿಲವಾಗಲಿಲ್ಲ. ಟೀಚರಮ್ಮ ಕಾಗದದಲ್ಲಿ ಏನೋ ಗೀಚಿಕೊಂಡರು.

“ಬಿದ್ದಿದ್ದೇನೋ ಬಿತ್ತು. ಆದರೆ ಅದರಲ್ಲಿ ಗತ್ತೆಲ್ಲಿ?” ಎನ್ನುತ್ತ ಅಧ್ಯಕ್ಷರು ಮುಂದೆ ಬಂದರು. “ಎಲ್ಲರೂ ನನ್ನ ಹೆಬ್ಬೆರಳು ನೋಡಿ.”

ಬೀಸುವ ಮೊದಲು ಅವರು ಕೈರೂಢಿಯಂತೆ ಉರುಳೆಯನ್ನು ಒಮ್ಮೆ ಸುಮ್ಮನೆ ತಿರುಗಿಸಿಬಿಟ್ಟರು. ಅದರ ಸದ್ದು ಸಿಕ್ಕಣ್ಣನ ಕಿವಿಗೆ ಬಿತ್ತು. ಹನ್ನೊಂದು ವರ್ಷ ಗೊರಗೊರ ಎನ್ನುತ್ತಿದ್ದ ಉರುಳೆ ಇವತ್ತು ಸುಂಯ್ ಎಂದು ತೆಳ್ಳಗೆ ಹಾಡಿತು. ಒಳಗೆ ಅದನ್ನು ಹಿಡಿಯುವುದು ಏನೂ ಇಲ್ಲ.

“ಅಧ್ಯಕ್ಷರೇ, ಒಂದು ನಿಮಿಷ. ಇವತ್ತೊಂದು ದಿನ ಬ್ರೇಕು...”

“ನನ್ನ ಹತ್ತಿರ ಬ್ರೇಕಿನ ಮಾತಾ?”

ಬೀಸಿಯೇ ಬಿಟ್ಟರು. ಉರುಳೆಯಿಂದ ದಾರ ಬುರುಗಿನ ಹಾಗೆ ಉಕ್ಕಿತು, ಗಕ್ಕನೆ ನಿಂತಿತು, ಫಟ್ಟೆಂದು ಹರಿಯಿತು. ಹರಿದ ದಾರದ ಗುಂಡಿಗೆ ಇನ್ನು ಯಾರ ಹಂಗೂ ಇರಲಿಲ್ಲ. ಟೈರು ದಾಟಿ, ಕೆರೆಯ ನಡುವೆ ಹೋಗಿ ಬಿತ್ತು. ಆ ಕೆರೆಯಲ್ಲಿ ಯಾರೂ ಅಷ್ಟು ದೂರ ಎಸೆದವರಿರಲಿಲ್ಲ. ಸಾಲಿನ ತುದಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹತ್ತಿರದಲ್ಲಿದ್ದವರಿಗೆ ರೀಲು ಕಾಣಿಸುತ್ತಿದ್ದುದರಿಂದ ತಟ್ಟಲಿಲ್ಲ.

ಅಧ್ಯಕ್ಷರ ಮುಖ ಕೆಂಪಾಯಿತು. “ಹನ್ನೊಂದು ವರ್ಷದಲ್ಲಿ ಒಂದು ಸಿಕ್ಕು ಬಿದ್ದಿಲ್ಲ ನನಗೆ! ಶುಕ್ರವಾರ ಇವನ ಕೈಗೆ ಕೊಟ್ಟಿದ್ದು, ಇವತ್ತು ನೋಡಿ. ನನ್ನ ಮಾನ ಕಳೆದು ತಾನು ಮೇಷ್ಟ್ರಾಗೋ ಹುನ್ನಾರ ಇದು. ಬೇಕಂತಲೇ ಕೆಡಿಸಿದ್ದಾನೆ!”

ಟೀಚರಮ್ಮ ರೀಲನ್ನು ತೆಗೆದುಕೊಂಡು ಸಿಕ್ಕಣ್ಣನಿಗೆ ಕೊಟ್ಟರು. “ಬಿಚ್ಚಿ. ಏನಾಗಿದೆ ಅಂತ ನೀವೇ ಹೇಳಿ.”

ಮುಚ್ಚಳ ತೆಗೆದ. ಆರೂ ತುಂಡುಗಳು ಒಳಕ್ಕೆ ಒತ್ತಿಕೊಂಡು, ಪಳಪಳ ಹೊಳೆಯುತ್ತ, ಅಚ್ಚುಕಟ್ಟಾಗಿ ಕುಳಿತಿದ್ದವು. ಅಷ್ಟು ಅಚ್ಚುಕಟ್ಟು ಯಾರ ಕೈಯದ್ದೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಹೊರಗಿನ ಬಿಲ್ಲೆ ಸೊನ್ನೆ ಅನ್ನುತ್ತಿದೆ, ಒಳಗೆ ನಾಲ್ಕು ಹೊರಗೆ ಬಂದಿವೆ, ಗಂಡನ ಜೋಮು ಹಿಡಿದ ಬೆರಳು ತಾಗಿ ಹೀಗಾಗಿರಬೇಕು ಎಂದುಕೊಂಡು ಅವಳು ಸರಿಮಾಡಿದ್ದಾಳೆ. ಗುಟ್ಟನ್ನು ಅವಳಿಗೂ ಹೇಳದೆ ಇದ್ದವನು ತಾನೇ.

ಗಾಳಿ ಜೋರಿತ್ತು ಅನ್ನಬಹುದಿತ್ತು. ಕೆರೆಯ ನೀರು ಅಲ್ಲಾಡುತ್ತಿರಲಿಲ್ಲ. ಹೆಂಡತಿಯ ತಪ್ಪು ಅನ್ನಬಹುದಿತ್ತು. ಅವಳನ್ನು ಮರೆಮಾಡುವ ಒಂದು ಸಣ್ಣ ಸುಳ್ಳಿಗಿಂತ ಹೆಚ್ಚಿನದನ್ನು ಹೊಂದಿಸಲು ಅವನಲ್ಲಿ ಕಸುವು ಉಳಿದಿರಲಿಲ್ಲ.

“ಒಳಗೆ ನಾನು ಬ್ರೇಕು ಹಾಕಿಟ್ಟಿದ್ದೆ ಅಮ್ಮಾ. ತೊಳೆಯೋವಾಗ ತೆಗೆದು ಮತ್ತೆ ಹಾಕೋಕೆ ಮರೆತೆ.”

“ಹಾಕಿಟ್ಟಿದ್ದು ಯಾವಾಗ?”

“ಹನ್ನೊಂದು ವರ್ಷ ಆಯ್ತು.”

ಸಾಲಿನಲ್ಲಿದ್ದ ಔಷಧಿ ಅಂಗಡಿಯವನು ತನ್ನ ರೀಲನ್ನು ಬೆನ್ನ ಹಿಂದೆ ಸರಿಸುತ್ತ, “ನನ್ನದರಲ್ಲಿ ಇಲ್ಲ ತಾನೇ?” ಎಂದ.

“ನಾಲ್ಕಿವೆ ಸರ್.”

“ನಂದು?” ಎಂದರು ಅವನ ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರು.

“ನಿಮ್ಮದು... ಆರೂ ಇವೆ.”

ಒಬ್ಬರು ನಕ್ಕರು. ತಮ್ಮದೂ ಅಷ್ಟೇ ಇರಬಹುದೆಂದು ಹೊಳೆದು ನಿಲ್ಲಿಸಿದರು.

ಆಮೇಲೆ ಕೈಯೆತ್ತಿದರು. ಸಿಕ್ಕಣ್ಣನ ಪರವಾಗಿ ಎದ್ದ ಕೈ ಟೀಚರಮ್ಮನದೊಂದೇ. ಉಳಿದವರಿಗೆ ಅವನ ಮೇಲೆ ದ್ವೇಷವೇನೂ ಇರಲಿಲ್ಲ. ತಮ್ಮ ವಿದ್ಯೆ ಯಾವುದೆಂದು ಗೊತ್ತಿರುವ ಮನುಷ್ಯನನ್ನು ವಾರಕ್ಕೆ ನಾಲ್ಕು ದಿನ ಎದುರಿಗಿಟ್ಟುಕೊಳ್ಳಲು ಯಾರಿಗೆ ತಾನೇ ಮನಸ್ಸಾಗುತ್ತದೆ? ಅಧ್ಯಕ್ಷರು ಮೇಷ್ಟ್ರ ಜವಾಬ್ದಾರಿಯನ್ನು ಸಂಘದ ಹಿತಕ್ಕಾಗಿ ತಾವೇ ಹೊತ್ತುಕೊಂಡರು.

ಮನೆಗೆ ಬಂದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು.

“ಸಿಕ್ತಾ ಕೆಲಸ?”

“ಇಲ್ಲ.”

“ಯಾಕಂತೆ?”

“ಅವರಿಗೆ ಬೇರೆಯವರು ಸಿಕ್ಕಿದರು.”

ಅವಳು ಮುಖ ನೋಡಿದಳು, ಕೆದಕಲಿಲ್ಲ. “ಹೋಗಲಿ ಬಿಡಿ. ಆ ಅಧ್ಯಕ್ಷರ ರೀಲಿನಲ್ಲಿ ನೀವು ನಾಲ್ಕು ತುಂಡು ತಪ್ಪಿಟ್ಟಿದ್ರಿ, ನೋಡಿದ್ರಾ? ಪುಣ್ಯಕ್ಕೆ ನಾನು ನೋಡಿ ಸರಿಮಾಡಿದೆ. ಇಲ್ಲದಿದ್ರೆ ಅಷ್ಟು ಜನರೆದುರು ನಿಮಗೇ ಅವಮಾನ.”

“ಹೌದು,” ಎಂದು ಸಿಕ್ಕಣ್ಣ ಗೋಡೆಗೆ ಮುಖ ಮಾಡಿ ಮಲಗಿದ.

ಅತ್ತ ಕೆರೆಯ ದಡದಲ್ಲಿ ಆ ಮಧ್ಯಾಹ್ನ ಯಾರೂ ಮನೆಗೆ ಹೋಗಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ರೀಲಿನ ಮುಚ್ಚಳ ತೆಗೆದು, ಒಳಗಿನ ತುಂಡುಗಳನ್ನು ಉಗುರಿನಿಂದ ಒಳಕ್ಕೆ ಒತ್ತಿ, ತಮ್ಮ ಹೆಬ್ಬೆರಳಿಗೆ ನಿಜಕ್ಕೂ ವಿದ್ಯೆ ಇದೆಯೆಂದು ತೋರಿಸಲು ಬೀಸತೊಡಗಿದ್ದರು.

ಸೋಮವಾರ ಶಟರಿನ ಹತ್ತಿರ ಹೋಗಲು ಸಿಕ್ಕಣ್ಣನಿಗೆ ದಾರಿಯೇ ಇರಲಿಲ್ಲ. ಹತ್ತೊಂಬತ್ತು ಜನ. ಬಾರದೆ ಇದ್ದವರು ಅಧ್ಯಕ್ಷರೊಬ್ಬರೇ. ಅವರ ರೀಲು ಬಂದಿತ್ತು, ಹಲ್ಲಿನ ಡಾಕ್ಟರ ಕೈಯಲ್ಲಿ, ಒಂದು ಕೈಚೀಲದೊಳಗೆ. ಸಿಕ್ಕಣ್ಣ ಮೂಲೆಗೆ ಹೋಗಿ ಕುಳಿತು, ಮೊದಲನೆಯದನ್ನು ಎತ್ತಿಕೊಂಡು, ದಾರದ ಒಂದು ಕುಣಿಕೆಯನ್ನು ಹಿಡಿಯಲು ನೋಡಿದ. ಜಾರಿತು. ಮತ್ತೆ ನೋಡಿದ. ಮತ್ತೆ ಜಾರಿತು. ಸಾಲಿನವರು ಕೊಕ್ಕರೆಗಳ ಹಾಗೆ ಬಾಗಿ ನೋಡುತ್ತಿದ್ದರು.

ಹನ್ನೊಂದು ಗಂಟೆಗೆ ಹೆಂಡತಿ ತೊಳೆದ ಎರಡು ರೀಲುಗಳನ್ನು ಕೊಡಲು ಬಂದಳು. ಸಾಲು ನೋಡಿ ಔಷಧಿ ಅಂಗಡಿಯವನನ್ನು ಕೇಳಿದಳು. ಅವನು ಬಾಗಿ ನಿಂತು ಬೆನ್ನು ನೋಯುತ್ತಿದ್ದ ಸಿಟ್ಟಿನಲ್ಲಿ ಒಂದೂ ಬಿಡದೆ ಹೇಳಿದ: ಒಳಗಿನ ನಾಲ್ಕು, ಹನ್ನೊಂದು ವರ್ಷ, “ತೊಳೆಯೋವಾಗ ಮರೆತನಂತೆ ಮಹಾರಾಯ.”

ಅವಳು ಒಳಗೆ ಬಾಗಿ ಗಂಡನನ್ನು ನೋಡಿದಳು.

“ತೊಳೆದಿದ್ದು ನಾನು ಅಂತ ಹೇಳೋಕಾಗಲಿಲ್ವಾ?”

“ಹೇಳಿ ಏನು?”

“ನಾನು ಒತ್ತಿಟ್ಟಿದ್ದು ಅದು. ನನಗಾದ್ರೂ ಮೊದಲೇ ಹೇಳಿದ್ರೆ ನಾನು ಯಾಕೆ ಮುಟ್ತಿದ್ದೆ?” ಎಂದಳು. ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವನ ಕೈಯಲ್ಲಿದ್ದ ರೀಲನ್ನು ತೆಗೆದುಕೊಂಡು, ಸಾಲಿನ ಮೊದಲಿಗೆ ನಿಂತಿದ್ದ ಹಲ್ಲಿನ ಡಾಕ್ಟರ ಎದೆಗೆ ಇಟ್ಟಳು.

“ಇದು ನಿಮ್ಮದೇ ತಾನೇ? ಬಿಡಿಸಿ.”

“ನಾನಾ?”

“ದಿನಾ ಜನರ ಬಾಯೊಳಗೆ ಕೈ ಹಾಕಿ ಹಲ್ಲು ಕೀಳ್ತೀರಿ, ಇದೊಂದು ದಾರ ಬರಲ್ವಾ? ಇವರ ಕೈ ಇನ್ನು ಇದನ್ನು ಮುಟ್ಟಲ್ಲ. ಬಾಯಲ್ಲಿ ಹೇಳ್ತಾರೆ, ಕೇಳಿ ಮಾಡಿ. ಆಗದವರು ಸಾಲು ಬಿಡಿ.”

ಯಾರೂ ಸಾಲು ಬಿಡಲಿಲ್ಲ. ಹತ್ತಿರದಲ್ಲಿ ಇನ್ನೊಬ್ಬ ಸಿಕ್ಕಣ್ಣ ಇರಲಿಲ್ಲ. ಹತ್ತೊಂಬತ್ತು ಜನ ಮೆಟ್ಟಿಲುಗಳ ಮೇಲೆ ಒಬ್ಬೊಬ್ಬರಾಗಿ ಕುಳಿತು ತಂತಮ್ಮ ಸಿಕ್ಕನ್ನು ಮಡಿಲಲ್ಲಿಟ್ಟುಕೊಂಡರು. ಸಿಕ್ಕಣ್ಣ ರಸ್ತೆಯಲ್ಲಿ ನಿಂತು ಹೇಳತೊಡಗಿದ: ಎಳೀಬೇಡಿ, ಹೆಬ್ಬೆರಳಲ್ಲಿ ಉರುಳೆ ಒತ್ತಿ ಹಿಡಿದು ಹಿಡಿಕೆಯನ್ನು ಎರಡು ಸುತ್ತು ತಿರುಗಿಸಿ, ಈಗ ಮೆಲ್ಲಗೆ ದಾರ ಬಿಡಿ, ಮೆಲ್ಲಗೆ ಅಂದೆ ಸರ್, ಬಿಟ್ಟಿತಾ, ಈಗ ಬಿಲ್ಲೆ ಏಳಕ್ಕೆ.

“ಐದು ಸಾಕಲ್ವಾ?” ಎಂದ ಔಷಧಿ ಅಂಗಡಿಯವನು.

“ಏಳು.”

“ಆರೂವರೆ?”

ಮಧ್ಯಾಹ್ನ ಎರಡು ಗಂಟೆಗೆ ಏಳು ರೀಲು ಬಿಟ್ಟಿದ್ದವು, ಮೂರು ಮೊದಲಿಗಿಂತ ಹೆಚ್ಚು ಸಿಕ್ಕಾಗಿದ್ದವು. ಉಳಿದವರು ನಾಳೆ ಬರುತ್ತೇವೆ, ಮತ್ತೆ ಮೊದಲಿಂದ ಹೇಳಿಕೊಡಬೇಕು ಎಂದು ಹೋದರು. ಹನ್ನೊಂದರಿಂದ ಸಿಕ್ಕಣ್ಣನ ಕೈ ಜೇಬಿನಲ್ಲೇ ಇತ್ತು. ಊಟಕ್ಕೆ ಕುಳಿತಾಗ ಹೆಂಡತಿ ಏನೋ ಕೇಳಿದಳು. ಉತ್ತರ ಕೊಡಲು ಬಾಯಿ ತೆರೆದರೆ, ಹತ್ತೊಂಬತ್ತು ಜನಕ್ಕೆ ಹೇಳಿ ಹೇಳಿ, ಸ್ವರವೇ ಹೊರಡಲಿಲ್ಲ.