ಬೆಳ್ಳಿಯ ಮೇಲೆ ನನ್ನ ಬೆರಳು

ನಾನು ಸಣ್ಣವಳಿದ್ದಾಗ ಹೈದರಾಬಾದಿನಲ್ಲಿ ಊರಾಚೆಯ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಎಲ್ಲರ ಬಾಯಲ್ಲೂ ಕಂಪ್ಯೂಟರಿನ ಮಾತೇ. ಆ ಬೇಸಿಗೆ ನನ್ನ ಜೀವ ತಿಂದದ್ದು ಮಾತ್ರ ಎಲೆಯಡಿಕೆ ಇಡುವ ಒಂದು ಹಳೇ ಬೆಳ್ಳಿ ಪಾನದಾನ.

ಬೀದರ ಕಡೆಯ ನಮ್ಮಪ್ಪ ವಸ್ತುಸಂಗ್ರಹಾಲಯವೊಂದರಲ್ಲಿ ಹಂಗಾಮಿ ಕಾವಲುಗಾರ. ಅವ್ವ ನಾಚಾರಂನ ಕಾರ್ಖಾನೆಗೆ ಹೋಗುತ್ತಿದ್ದಳು. ಸೂಟಿಯಲ್ಲಿ ಅಪ್ಪ ನನ್ನನ್ನು ಜೊತೆಗೇ ಒಯ್ಯುತ್ತಿದ್ದ. ಅಲ್ಲಿನ ಮೊದಲ ಹೆಣ್ಣು ಮುಖ್ಯಸ್ಥೆ ಸುಮಿತ್ರಾಬಾಯಿ, ಧಾರವಾಡದವರು. ಒಂದೊಂದು ವಸ್ತುವಿಗೂ ಕಾರ್ಡು ಮಾಡಿ ಅದರ ಸೀಳು, ನೆಗ್ಗು, ಕಲೆಗಳನ್ನೆಲ್ಲ ಪೆನ್ಸಿಲಿನಲ್ಲಿ ಬರೆದಿಟ್ಟವರು. ದೂರದ ವಿದ್ವಾಂಸರು ಅವರನ್ನು ಕೇಳಿ ತಿಳಿಯಲು ಬರುತ್ತಿದ್ದರು.

ಒಂದು ಮಧ್ಯಾಹ್ನ, ಉಪ್ಪು ಖಾರ ಹಚ್ಚಿದ ಹುಣಸೆಹಣ್ಣು ಚೀಪುತ್ತಿದ್ದವಳು, ಸುಮಿತ್ರಾಬಾಯಿಯವರ ಮೇಜಿನ ಮೇಲಿದ್ದ ಪಾನದಾನದ ಮುಚ್ಚಳ ಎತ್ತಿಬಿಟ್ಟೆ. ಒಳಗೆ ಏನೂ ಇರಲಿಲ್ಲ.

ಮರುದಿನ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುತ್ತಾ ಬಾಯಿಯವರು ಅಪ್ಪನಿಗೆ ಹೇಳಿದರು: "ಬರಿಗೈಲೆ ಮುಟ್ಟಬ್ಯಾಡಪಾ. ಉಪ್ಪಿನ ಕೈ ಇವತ್ತ ಕಾಣೂದಿಲ್ಲ. ತಿಂಗಳಿಗೆ ಕರ್ರಗ ಎದ್ದು ಕಾಣತೈತಿ."

ನನ್ನದು ಉಪ್ಪಿನ ಕೈಯೇ. ಅಪ್ಪನ ನೌಕರಿ ಹೋಯಿತೆಂದೇ ಲೆಕ್ಕ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವಂತೆ, ದಿನವೂ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದೆ. ಹನುಮಪ್ಪನಿಗೆ ಕಾಯಿ, ದರ್ಗಾಕ್ಕೆ ಸಕ್ಕರೆ ಹರಕೆ ಹೊತ್ತೆ. ಇಬ್ಬರೂ ಕೇಳಲಿಲ್ಲ. ಮೊದಲು ಹಳದಿ ಮಸುಕು, ಆಮೇಲೆ ಕಂದು, ಕೊನೆಗೆ ಗೆರೆಗೆರೆಯಾಗಿ ನನ್ನದೇ ಹೆಬ್ಬೆರಳು.

ಶಾಲೆ ಶುರುವಾಗುವ ಮುನ್ನಾದಿನ ಬಾಯಿಯವರು ಅಪ್ಪನನ್ನು ಕರೆದು ತೋರಿಸಿದರು.

"ನಾನ ಮುಟ್ಟಿರಬೇಕ್ರೀ," ಎಂದ ಅಪ್ಪ, ನನ್ನತ್ತ ನೋಡದೆ. ನಾನು ಗಾಜಿಗೆ ಮೂಗು ಒತ್ತುವುದನ್ನು ಆತ ಕಂಡಿದ್ದ.

"ಇಷ್ಟ ಸಣ್ಣ ಬೆರಳು ನಿಂದಲ್ಲಪಾ."

ನಾನು ಅಪ್ಪನ ಮುಂದೆ ಬಂದು ನಿಂತೆ. "ನಂದ್ರೀ. ಅಪ್ಪನ್ನ ಕೆಲಸದಿಂದ ತೆಗೀಬ್ಯಾಡ್ರಿ," ಅಂದೆ.

ಬಾಯಿಯವರು ಬೈಯಲಿಲ್ಲ, ನಗಲೂ ಇಲ್ಲ. ನನ್ನ ವಯಸ್ಸು ಕೇಳಿ, ಕಾರ್ಡಿನಲ್ಲಿ ಬರೆದು, ಗಟ್ಟಿಯಾಗಿ ಓದಿದರು: "ಮುಚ್ಚಳದ ಮೇಲೆ ಬೆರಳ ಗುರುತು. ಒಂಬತ್ತು ವರ್ಷದ ಹುಡುಗಿಯದು. ತಾನೇ ಬಂದು ಹೇಳಿದಳು."

"ತಿಕ್ಕಿ ತೆಗೀಲೇನ್ರೀ?" ಎಂದ ಅಪ್ಪ.

"ತಿಕ್ಕಿದಷ್ಟೂ ಬೆಳ್ಳಿ ಸವೀತೈತಿ. ಇರ್ಲಿ ಬಿಡು. ನಾಳೆ ಹೊತ್ತಿಗೆ ಸರಿಯಾಗಿ ಬಾ."

ಹೋದ ವರ್ಷ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಅಪ್ಪನೂ ಇಲ್ಲ, ಬಾಯಿಯವರೂ ಇಲ್ಲ. ಯಾರೋ ಪಾನದಾನವನ್ನು ತಿಕ್ಕಿ ತಿಕ್ಕಿ ಬೆಳಗಿದ್ದರು. ಕಾರ್ಡು ಕೇಳಿದರೆ, ಅಲ್ಲಿದ್ದಾಕೆ ಕಂಪ್ಯೂಟರಿನಲ್ಲಿ ಹುಡುಕಿ ಓದಿ ಹೇಳಿದಳು: ಸ್ಥಿತಿ ಉತ್ತಮ, ಯಾವ ಕಲೆಯೂ ಇಲ್ಲ.

ಮತ್ತೆ ಗಾಜಿಗೆ ಮೂಗು ಒತ್ತಿ ನಿಂತೆ. "ಏನ್ ನೋಡಾಕತ್ತೀಯವ್ವಾ?" ಎಂದಳು ಮಗಳು. ಅವಳಿಗೆ ತೋರಿಸಲು ಏನೂ ಉಳಿದಿರಲಿಲ್ಲ.